ಸಂಚಕಾರ ಕೊಡುವ ಮೊದಲು ವಕೀಲರ ಮೆಟ್ಟಿಲು ಹತ್ತಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಅವರ ಕಾಲದಲ್ಲಿ ಇನ್ನೊಬ್ಬರ ಮನೆ ಕೊಳ್ಳುವ ಪ್ರಸಂಗ ಕಡಿಮೆ ಇತ್ತೇನೋ! ಇದ್ದಿದ್ದರೆ ‘ಮನೆ ಕೊಂಡು ನೋಡು’ ಎಂದೂ ಸೇರಿಸುತ್ತಿದ್ದರು. ಕಟ್ಟುವಾಗ ಇಟ್ಟಿಗೆ, ಸಿಮೆಂಟು, ಗೌಂಡಿಯ ಕೆಲಸ ಎಲ್ಲವೂ ಕಣ್ಣಿಗೆ ಕಾಣುತ್ತವೆ. ಕೊಳ್ಳುವಾಗ ಕಾಣುವುದು ಹೊಸ ಸುಣ್ಣ ಬಳಿದ ಗೋಡೆ ಮಾತ್ರ. ಆ ಗೋಡೆಯ ಹಿಂದಿನ ಕಾಗದಪತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಮನೆ ನೋಡಲು ಹೋದಾಗ ನಾವು ಹೆಣ್ಣುಮಕ್ಕಳು ಏನೇನು ನೋಡುತ್ತೇವೆ? ಅಡಿಗೆಮನೆಗೆ ಬೆಳಕು ಇದೆಯೇ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬಟ್ಟೆ ಒಣಗಿಸಲು ಜಾಗ ಇದೆಯೇ, ದೇವರ ಕೋಣೆ ಎತ್ತ ಮುಖ. ಆದರೆ ವಕೀಲರು, ಕಾಗದ ಎಂಬ ಮಾತು ಬಂದಕೂಡಲೇ ‘ಅದು ಗಂಡಸರ ಕೆಲಸ’ ಎಂದು ಚಹಾ ಮಾಡಲು ಎದ್ದು ಬಿಡುತ್ತೇವೆ. ಹಣ ಕಡಿಮೆ ಬಿದ್ದಾಗ ಮಾತ್ರ ಬ್ಯಾಂಕಿಗೆ ಹೋಗುವುದು ನಮ್ಮ ಪಾಟ್ಲಿ, ನಮ್ಮ ಬಿಲ್ವಾರ! ಹಾಗಿದ್ದ ಮೇಲೆ ಆ ಹಣ ಗಟ್ಟಿ ಕಾಗದದ ಮೇಲೆ ಹೋಗುತ್ತಿದೆಯೋ ಇಲ್ಲವೋ ಎಂದು ತಿಳಿಯುವ ಹಕ್ಕೂ ನಮ್ಮದೇ ಅಲ್ಲವೇ?

ನಮ್ಮ ಬೆಳಗಾವಿ ಕಡೆ ಮುಂಗಡ ಹಣಕ್ಕೆ ಸಂಚಕಾರ ಎನ್ನುತ್ತೇವೆ. ಅದೇ ಮಾತಿಗೆ ಕನ್ನಡದಲ್ಲಿ ಕುತ್ತು ಎಂಬ ಅರ್ಥವೂ ಇದೆ. ಸರಿಯಾದ ವಕೀಲರಿಗೆ ಕಾಗದ ತೋರಿಸದೆ ಕೊಟ್ಟ ಸಂಚಕಾರ ನಿಜಕ್ಕೂ ಬಾಳಿಗೆ ಸಂಚಕಾರ ತರಬಹುದು. ಆದ್ದರಿಂದ ಮನೆ ಕೊಳ್ಳುವಾಗ, ಮಾರುವಾಗ ವಕೀಲರನ್ನು ಆರಿಸುವುದು ಹೇಗೆ ಎಂಬ ವಿಚಾರವನ್ನು ಈ ಸಲ ನೋಡೋಣ.

ಬಾಂಡ್ ರೈಟರ್ ಬೇರೆ, ವಕೀಲರು ಬೇರೆ

ಇಂಗ್ಲೆಂಡಿನಲ್ಲಿ ಮನೆ ಕೊಡುಕೊಳ್ಳುವ ಕಾಗದದ ಕೆಲಸಕ್ಕೆ ಅಂತಲೇ ಪ್ರತ್ಯೇಕ ಲೈಸೆನ್ಸು ಪಡೆದವರು ಇದ್ದಾರೆ. ನಮ್ಮಲ್ಲಿ ಅಂಥ ಬೇರೆ ಪಂಗಡ ಇಲ್ಲ. ಕೊಲೆ ಕೇಸು ನಡೆಸುವವರೂ ವಕೀಲರೇ, ಮನೆಯ ಕಾಗದ ನೋಡುವವರೂ ವಕೀಲರೇ. ಇಬ್ಬರ ಸನ್ನದು ಒಂದೇ. ಆದ್ದರಿಂದ ಆರಿಸುವ ಹೊಣೆ ನಮ್ಮ ಮೇಲೆಯೇ ಬೀಳುತ್ತದೆ.

ಸಬ್‌ರಜಿಸ್ಟ್ರಾರ್ ಕಚೇರಿಯ ಸುತ್ತಮುತ್ತ ಮೇಜು ಹಾಕಿಕೊಂಡು ಕೂತ ಬಾಂಡ್ ರೈಟರುಗಳನ್ನು ನೀವು ನೋಡಿರುತ್ತೀರಿ. ಸರ್ಕಾರದಿಂದ ಲೈಸೆನ್ಸು ಪಡೆದ ದಸ್ತಾವೇಜು ಬರಹಗಾರರು ಇವರು. ಖರೀದಿ ಪತ್ರದ ಮಸೂದೆ ಬರೆಯುವುದು, ಆನ್‌ಲೈನಿನಲ್ಲಿ ಹಾಕುವುದು, ಶುಲ್ಕ ತುಂಬಿಸುವುದು ಇವರಿಗೆ ಕೈವಶವಾದ ಕೆಲಸ. ಆದರೆ ಮಾರುವವರಿಗೆ ಮಾರುವ ಹಕ್ಕು ಇದೆಯೇ, ಇನ್ನಾರಿಗಾದರೂ ಪಾಲು ಇದೆಯೇ ಎಂದು ಶೋಧಿಸುವುದು ಅವರ ಕೆಲಸವಲ್ಲ. ನೀವು ಕೊಟ್ಟ ಮಾಹಿತಿಯನ್ನು ಅವರು ಚೆಂದವಾಗಿ ಬರೆದು ಕೊಡುತ್ತಾರೆ, ಅಷ್ಟೆ. ಅನ್ನ ಬಡಿಸುವವರನ್ನು ಅಕ್ಕಿಯಲ್ಲಿ ಕಲ್ಲು ಏಕೆ ಬಂತು ಎಂದು ಕೇಳಿದಂತೆ ಆದೀತು, ಅವರನ್ನು ದೂರಿದರೆ.

ನೂರು ರೂಪಾಯಿ ಬಾಂಡ್ ಪೇಪರಿನ ಮೇಲೆ ಬರೆಸಿ, ನೋಟರಿ ಮಾಡಿಸಿದರೆ ಮನೆ ನಮ್ಮದಾಯಿತು ಎಂದು ನಂಬಿದವರು ಇನ್ನೂ ಇದ್ದಾರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ನೂರು ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಣಿಯಾದ ಪತ್ರದಿಂದಲೇ ಆಗಬೇಕು. ಮುಖತ್ಯಾರ ಪತ್ರ, ಕರಾರು ಪತ್ರ ಬರೆಸಿಕೊಂಡ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲಿಯೇ ಸ್ಪಷ್ಟ ಮಾಡಿದೆ.

ನೋಂದಣಿ ಆದರೆ ಸಾಕೇ?

ಸಾಲದು! ಇದು ಬಹಳ ಜನರಿಗೆ ತಿಳಿಯದ ಸಂಗತಿ. ಸಬ್‌ರಜಿಸ್ಟ್ರಾರರು ಮುಖ್ಯವಾಗಿ ನೋಡುವುದು ಬಂದವರು ಅವರೇ ಹೌದೇ, ಶುಲ್ಕ ಸರಿಯಾಗಿದೆಯೇ, ಬೇಕಾದ ಕಾಗದ ಜೊತೆಗಿವೆಯೇ ಎಂದು. ಮಾರುವವರ ಮಾಲೀಕತ್ವಕ್ಕೆ ಅವರು ಜಾಮೀನಲ್ಲ. ಕಚೇರಿಯಲ್ಲಿ ಫೋಟೋ ತೆಗೆದು, ಹೆಬ್ಬೆಟ್ಟು ಒತ್ತಿಸಿಕೊಂಡರು ಎಂದ ಮಾತ್ರಕ್ಕೆ ಸರ್ಕಾರವೇ ಖಾತ್ರಿ ಕೊಟ್ಟಿತು ಎಂದು ತಿಳಿಯಬಾರದು.

ಇ.ಸಿ. ಅಂದರೆ ಋಣಭಾರ ಪ್ರಮಾಣ ಪತ್ರದ ಮಾತೂ ಹಾಗೆಯೇ. ನೋಂದಣಿಯಾದ ವ್ಯವಹಾರಗಳಷ್ಟೇ ಅದರಲ್ಲಿ ಕಾಣುತ್ತವೆ. ವ್ಯವಹಾರ ಇದ್ದರೆ 15ನೇ ನಮೂನೆ, ಏನೂ ಇಲ್ಲದಿದ್ದರೆ 16ನೇ ನಮೂನೆ ಕೊಡುತ್ತಾರೆ. 16ನೇ ನಮೂನೆ ಸಿಕ್ಕಿತು ಎಂದು ಪೇಢೆ ಹಂಚುವ ಮೊದಲು ಯೋಚಿಸಿ. ನ್ಯಾಯಾಲಯದಲ್ಲಿ ನಡೆದಿರುವ ದಾವೆ, ಬರೆಯದೆ ಉಳಿದ ವಾರಸಾ ಹಕ್ಕು, ನೋಂದಣಿಯಿಲ್ಲದ ಬಾಡಿಗೆ ಕರಾರು ಇದರಲ್ಲಿ ಕಾಣುವುದಿಲ್ಲ. ಹಳೆಯ ಕಾಲದ ಇ.ಸಿ. ಬೇಕೆಂದರೆ ಆನ್‌ಲೈನಿನಲ್ಲಿ ಸಿಗುವುದಿಲ್ಲ. ಕಚೇರಿಯ ಪುಸ್ತಕಗಳಿಂದ ತೆಗೆಸಬೇಕು. ಇದನ್ನೆಲ್ಲ ಜೋಡಿಸಿ ನೋಡಿ, ಈ ಮನೆ ಕೊಳ್ಳಬಹುದು ಅಥವಾ ಬೇಡ ಎಂದು ಹೇಳುವವರು ವಕೀಲರು.

ನಮ್ಮ ಕಡೆಯ ಕಾಗದಗಳ ಗುಟ್ಟು

ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಆದ್ದರಿಂದ ನಮ್ಮ ಹಳೆಯ ಕಾಗದಗಳಲ್ಲಿ ಮರಾಠಿ ಬಹಳ, ಕೆಲವಂತೂ ಮೋಡಿ ಲಿಪಿಯವು. ಶಹಾಪುರದ ಕಡೆ ಒಂದು ಹಳೆಯ ವಾಡೆಯನ್ನು ನಮ್ಮ ಪರಿಚಯದವರು ಕೊಳ್ಳಲು ಹೊರಟಿದ್ದರು. ಬೇರೆ ಊರಿನಿಂದ ಬಂದ ಅವರಿಗೆ ಮೋಡಿಯ ಗಂಧವಿಲ್ಲ. ‘ಹಳೇ ಕಾಗದ ಬಿಡ್ರಿ, ಈಗಿನ ಉತಾರ ಸ್ವಚ್ಛ ಅದ’ ಎಂದರು ದಲಾಲರು. ಇವರ ವಕೀಲರು ಮಾತ್ರ ಪಟ್ಟು ಬಿಡದೆ ಮೋಡಿ ಬಲ್ಲ ಒಬ್ಬ ಹಿರಿಯರಿಂದ ಆ ಕಾಗದ ಓದಿಸಿದರು. ಹಿತ್ತಲ ಬಾವಿಗೆ ಹೋಗುವ ಸಂದಿಯ ಮೇಲೆ ಪಕ್ಕದ ಮನೆಯವರಿಗೆ ದಾರಿಯ ಹಕ್ಕು ಬರೆದಿತ್ತು! ಆ ಸಂದಿ ಮುಚ್ಚಿ ಬಚ್ಚಲು ಕಟ್ಟಬೇಕೆಂದು ಆ ಮನೆಯ ವೈನಿ ಲೆಕ್ಕ ಹಾಕಿದ್ದರು. ಕೊನೆಗೆ ಮನೆ ಕೊಂಡರು, ಆದರೆ ದಾರಿ ಬಿಟ್ಟು, ಬೆಲೆ ಇಳಿಸಿ ಕೊಂಡರು. ನೆರೆಯವರೊಡನೆ ಜಗಳವಿಲ್ಲದೆ ಇದ್ದಾರೆ. ವಕೀಲರಿಗೆ ಕೊಟ್ಟ ಫೀ ಅಲ್ಲಿಯೇ ಹತ್ತು ಪಟ್ಟು ಬಂತು.

ಊರಿನಲ್ಲಿಯೂ ಒಂದೊಂದು ಭಾಗದ ರೀತಿ ಒಂದೊಂದು. ಹಳೆಯ ಬೆಳಗಾವಿ, ಶಹಾಪುರದಂಥ ಕಡೆ ಸಿಟಿ ಸರ್ವೆಯ ಪ್ರಾಪರ್ಟಿ ಕಾರ್ಡು ನೋಡಬೇಕು. ಮಹಾನಗರ ಪಾಲಿಕೆಯ ಖಾತೆಯೊಂದಿಗೆ ಅದು ತಾಳೆ ಬೀಳಬೇಕು. ರಾಮತೀರ್ಥ ನಗರದಂಥ ಬಡಾವಣೆಯಾದರೆ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಬುಡಾದ ಹಂಚಿಕೆ ಪತ್ರ ಮತ್ತು ಅದರ ಷರತ್ತು ನೋಡಬೇಕು. ಕ್ಯಾಂಪ್ ಪ್ರದೇಶ ಕಂಟೋನ್ಮೆಂಟ್ ಬೋರ್ಡಿಗೆ ಸೇರಿದ್ದು. ಅಲ್ಲಿಯ ಅನೇಕ ಆಸ್ತಿಗಳಲ್ಲಿ ನೆಲ ಸರ್ಕಾರದ್ದು, ಕಟ್ಟಡ ಮಾತ್ರ ಮಾಲೀಕರದ್ದು. ಖಾನಾಪುರ ಪಟ್ಟಣದಲ್ಲಿ ಪಟ್ಟಣ ಪಂಚಾಯತಿಯ ಖಾತೆ, ತಾಲೂಕಿನ ಹಳ್ಳಿಗಳಲ್ಲಿ ಗ್ರಾಮ ಪಂಚಾಯತಿಯ ಇ-ಸ್ವತ್ತಿನ 9 ಮತ್ತು 11ನೇ ನಮೂನೆ ಬೇಕು. 2024ರ ಅಕ್ಟೋಬರಿನಿಂದ ಪಟ್ಟಣ, ನಗರಗಳಲ್ಲಿಯೂ ಇ-ಖಾತೆ ಇಲ್ಲದೆ ಮನೆ-ನಿವೇಶನದ ನೋಂದಣಿ ಇಲ್ಲ. ಹೊಲವನ್ನು ಎನ್.ಎ. ಮಾಡಿಸದೆ ಎರಡು ಗುಂಟೆ, ಮೂರು ಗುಂಟೆ ಎಂದು ತುಂಡು ಮಾಡಿ ಮಾರುವವರ ಮಾತಿಗೆ ಮರುಳಾದವರು ಈಗ ಪೇಚಾಡುತ್ತಿರುವುದು ಇದಕ್ಕೇ.

ಇನ್ನು ವತನದ ಜಮೀನು, ಸರ್ಕಾರ ಪರಿಶಿಷ್ಟ ಜಾತಿ ಪಂಗಡದವರಿಗೆ ಮಂಜೂರು ಮಾಡಿದ ಜಮೀನು ಇವೂ ಇವೆ. ಇಂಥ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದರೆ 1978ರ ಕಾಯ್ದೆಯಂತೆ ಆ ಮಾರಾಟ ನಿಲ್ಲುವುದಿಲ್ಲ. ಇಂದು ಅದರ ಮೇಲೆ ಚೆಂದದ ಮನೆ ನಿಂತಿದ್ದರೂ ಕೆಳಗಿನ ನೆಲದ ಕತೆಯನ್ನು ವಕೀಲರು ಕೆದಕಿ ನೋಡಲೇಬೇಕು.

ಜಿಲ್ಲೆಯೊಳಗಿನ ಯಾವ ಸಬ್‌ರಜಿಸ್ಟ್ರಾರ್ ಕಚೇರಿಯಲ್ಲಾದರೂ ನೋಂದಣಿ ಮಾಡಿಸುವ ಸೌಕರ್ಯ 2024ರ ಸೆಪ್ಟೆಂಬರಿನಿಂದ ಬಂದಿದೆ. ಖಾನಾಪುರದ ಮನೆಯನ್ನು ಬೆಳಗಾವಿಯಲ್ಲಿ ಕುಳಿತು ನೋಂದಣಿ ಮಾಡಿಸಬಹುದು. ಅನುಕೂಲವೇನೋ ಹೌದು. ಆದರೆ ನೋಂದಣಿ ಎಲ್ಲಿ ಆದರೂ ಆಗಲಿ, ವಕೀಲರು ಮಾತ್ರ ಆಸ್ತಿ ಇರುವ ಊರಿನ ಕಾಗದ ಬಲ್ಲವರಾಗಿರಲಿ. ಕನ್ನಡ, ಮರಾಠಿ ಎರಡೂ ಓದಬಲ್ಲವರು ಸಿಕ್ಕರೆ ಇನ್ನೂ ಒಳ್ಳೆಯದು.

ಅಕ್ಕತಂಗಿಯರ ಸಹಿ ಎಲ್ಲಿ?

ನಮ್ಮ ಭಾಗದಲ್ಲಿ ಮನೆ ಖರೀದಿ ಕೋರ್ಟಿಗೆ ಹೋಗುವ ದೊಡ್ಡ ದಾರಿ ಇದು. ಖಾನಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಒಬ್ಬರು ಇಬ್ಬರು ಅಣ್ಣತಮ್ಮಂದಿರಿಂದ ಹಂಚಿನ ಮನೆ ಕೊಂಡರು. ಉತಾರದಲ್ಲಿ ಆ ಇಬ್ಬರದೇ ಹೆಸರು. ಹಣ ಕೊಟ್ಟು, ನೋಂದಣಿ ಮಾಡಿಸಿ, ವಾಸ್ತುಶಾಂತಿಯನ್ನೂ ಮಾಡಿದರು. ಎರಡು ವರ್ಷದ ಮೇಲೆ ಕೋರ್ಟಿನ ಸಮನ್ಸು ಬಂತು. ಗೋವಾಕ್ಕೆ ಮದುವೆಯಾಗಿ ಹೋದ ಅಕ್ಕ ತನ್ನ ಪಾಲು ಕೇಳಿ ದಾವೆ ಹಾಕಿದ್ದಳು.

‘ನಾವೇನ್ ತಪ್ಪ ಮಾಡೇವ್ರಿ ಬಾಯಾರ? ರೊಕ್ಕಾ ಕೊಟ್ಟೇವಿ, ರಿಜಿಸ್ಟರ್ ಮಾಡಸೇವಿ’ ಎಂದು ಕೊಂಡವರ ಹೆಂಡತಿ ಕಣ್ಣೀರು ಹಾಕಿದಳು. ಅವಳ ಸಂಕಟ ನಿಜ. ಆದರೆ ಆ ಅಕ್ಕನ ತಪ್ಪಾದರೂ ಏನು? ತಂದೆಯ ಮನೆ ಮಾರುವಾಗ ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಉತಾರದಲ್ಲಿ ಹೆಸರಿಲ್ಲ ಎಂದರೆ ಹಕ್ಕಿಲ್ಲ ಎಂದಲ್ಲ. ‘ಈ ಮನೆಗೆ ಹೆಣ್ಣುಮಕ್ಕಳು ಎಷ್ಟು ಜನ?’ ಎಂಬ ಒಂದೇ ಪ್ರಶ್ನೆಯನ್ನು ಕೊಳ್ಳುವ ಮೊದಲು ಒಬ್ಬ ವಕೀಲರು ಕೇಳಿದ್ದರೆ ಎರಡೂ ಮನೆ ಉಳಿಯುತ್ತಿದ್ದವು.

ಕಾನೂನು ಏನು ಹೇಳುತ್ತದೆ? ಹಿಂದೂ ಕುಟುಂಬಗಳಲ್ಲಿ ತಂದೆ ಮೃತ್ಯುಪತ್ರ ಬರೆಯದೆ ತೀರಿಕೊಂಡರೆ, ಅವರ ಸ್ವಂತ ಗಳಿಕೆಯ ಆಸ್ತಿಯಲ್ಲಿ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು ಎಂದು 1956ರ ಕಾಯ್ದೆಯಲ್ಲಿಯೇ ಇದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕು ಎಂದು 2005ರ ಸೆಪ್ಟೆಂಬರ್ 9ರಿಂದ ತಿದ್ದುಪಡಿ ಬಂತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟಿನಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾಗಿ ಮುಗಿದ ವಾಟ್ನಿಗಳಿಗೆ ಇದು ತಾಗುವುದಿಲ್ಲ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಅವರವರ ವಾರಸಾ ಕಾನೂನು ಬೇರೆ. ಅಲ್ಲಿಯೂ ಹೆಣ್ಣುಮಕ್ಕಳಿಗೆ ಪಾಲು ಇದೆ. ಯಾವ ಆಸ್ತಿ ಯಾವ ಲೆಕ್ಕಕ್ಕೆ ಬರುತ್ತದೆ ಎಂದು ನಿರ್ಧರಿಸುವುದು ವಕೀಲರ ಕೆಲಸ. ಆದ್ದರಿಂದ ವಂಶವೃಕ್ಷ ಕೇಳದೆ, ಹೆಣ್ಣುಮಕ್ಕಳ ಹೆಸರು ಬರೆದುಕೊಳ್ಳದೆ ‘ಕಾಗದ ಚಲೋ ಅದಾವ್ರಿ, ತಗೊಳ್ರಿ’ ಎನ್ನುವ ವಕೀಲರಿಗೆ ದೂರದಿಂದಲೇ ನಮಸ್ಕಾರ ಹೇಳಿ.

ಇದೇ ಮಾತು ನಮ್ಮ ತವರಿಗೂ ಅನ್ವಯಿಸುತ್ತದೆ. ಹಬ್ಬಕ್ಕೆ ಕರೆದು, ಸೀರೆ ಕುಬಸ ಕೊಟ್ಟು, ‘ಇಲ್ಲೊಂದ ಸಹಿ ಹಾಕವಾ’ ಎಂದರೆ ಹಾಕಿ ಬರುವ ನಾವೇ ಎಷ್ಟು ಜನ! ಹಕ್ಕು ಬಿಟ್ಟುಕೊಡುವುದು ಬಿಡದಿರುವುದು ನಿಮ್ಮ ಇಷ್ಟ, ನಿಮ್ಮ ಅಣ್ಣತಮ್ಮಂದಿರ ಪ್ರೀತಿ. ಆದರೆ ಏನು ಬಿಟ್ಟುಕೊಡುತ್ತಿದ್ದೇವೆ ಎಂದು ಓದಿಸಿ ತಿಳಿದುಕೊಂಡು ಸಹಿ ಮಾಡಿ. ಹಕ್ಕು ಬಿಡುಗಡೆ ಪತ್ರ ನೋಂದಣಿಯಾದ ಮೇಲೆ ‘ನನಗೆ ಗೊತ್ತಿರಲಿಲ್ಲ’ ಎಂದರೆ ಕೇಳುವವರು ಕಡಿಮೆ.

ಅವರು ಯಾರ ವಕೀಲರು?

‘ನಮ್ಮ ವಕೀಲ್ರ ಅದಾರ, ಅವರ ಎರಡೂ ಕಡೀದ ನೋಡ್ತಾರ. ನಿಮಗ ಖರ್ಚ ಉಳೀತದ’ ಎಂದು ದಲಾಲರು ಹೇಳುವುದುಂಟು. ಕೇಳಲು ಸಕ್ಕರೆಯಂಥ ಮಾತು. ಆದರೆ ಮಾರುವವರಿಗೆ ಬೇಕಾದದ್ದು ಬೇಗ ಹಣ. ಕೊಳ್ಳುವವರಿಗೆ ಬೇಕಾದದ್ದು ನಿಧಾನವಾಗಿ ಶೋಧ. ದಲಾಲರಿಗೆ ವ್ಯವಹಾರ ಮುಗಿದರೆ ಕಮಿಷನ್ನು. ಒಬ್ಬರೇ ವಕೀಲರು ಇಬ್ಬರಿಗೂ ಹೇಗೆ ನ್ಯಾಯ ಮಾಡಿಯಾರು? ಹೆಣ್ಣು ನೋಡಲು ಬಂದವರೇ ಹೆಣ್ಣಿನ ಕಡೆಯ ಹಿರಿಯರಾಗಿ ಕೂತಂತೆ!

ಬ್ಯಾಂಕಿನ ಸಾಲ ತೆಗೆಯುವವರು ಇನ್ನೊಂದು ಮಾತು ಹೇಳುತ್ತಾರೆ: ‘ಬ್ಯಾಂಕಿನ ವಕೀಲರೇ ನೋಡ್ಯಾರ, ಮತ್ತ್ಯಾಕ ಬೇರೆ?’ ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಣ ಮರಳಿ ಬರುತ್ತದೆಯೇ ಎಂದು. ಅವರ ವರದಿ ಹೋಗುವುದೂ ಬ್ಯಾಂಕಿಗೇ. ನಿಮ್ಮ ಕಿಸೆಯಿಂದ ಹೋದ ಹಣದ ಚಿಂತೆ ನಿಮ್ಮ ವಕೀಲರದು. ಹಾಗೆಂದು ಬ್ಯಾಂಕಿಗೆ ಕಾಗದ ನೋಡುವ ವಕೀಲರು ಬೇಡವೆಂದಲ್ಲ. ಆ ಕೆಲಸದ ಅನುಭವ ಅವರಿಗೆ ಇರುತ್ತದೆ ಎಂಬುದು ಒಳ್ಳೆಯ ಗುರುತು. ಆದರೆ ನಿಮಗಾಗಿ, ನಿಮ್ಮ ಹೆಸರಿಗೆ ಅಭಿಪ್ರಾಯ ಬರೆದುಕೊಡಲು ಅವರನ್ನು ನೀವೇ ನೇಮಿಸಬೇಕು.

ಹುಡುಕುವುದು ಹೇಗೆ?

ವಕೀಲರು ಜಾಹೀರಾತು ಕೊಡಬಾರದೆಂದು ಬಾರ್ ಕೌನ್ಸಿಲ್ ನಿಯಮವಿದೆ. ಆದ್ದರಿಂದ ಅವರನ್ನು ಕೇಳಿ, ವಿಚಾರಿಸಿ ಹುಡುಕಬೇಕು. ಇತ್ತೀಚೆಗೆ ಮನೆ ಕೊಂಡ ನೆಂಟರು, ಬ್ಯಾಂಕಿನಲ್ಲಿ ಕೆಲಸ ಮಾಡುವ ಪರಿಚಯದವರು, ಶಾಲೆಯಲ್ಲಿ ನಮ್ಮ ಮಕ್ಕಳ ಜೊತೆ ಓದುವವರ ತಾಯಂದಿರು ಇವರನ್ನೆಲ್ಲ ಕೇಳಿ. ಬರೀ ‘ಚಲೋ ವಕೀಲರು ಯಾರದಾರ್ರೀ?’ ಎಂದು ಕೇಳಬೇಡಿ. ‘ನಿಮ್ಮ ಕಾಗದದಾಗ ಏನರ ತೊಡಕ ಹುಡುಕಿ ಕೊಟ್ರೇನು? ಬರದ ಕೊಟ್ರೇನು?’ ಎಂದು ಕೇಳಿ. ಇಬ್ಬರು ಮೂವರ ಬಾಯಲ್ಲಿ ಒಂದೇ ಹೆಸರು ಬಂದರೆ ಅವರನ್ನು ಕಾಣಿ.

ಸಿವಿಲ್ ಕೆಲಸದಲ್ಲಿ ಪಳಗಿದವರನ್ನೇ ಆರಿಸಿ. ಆಸ್ತಿ ಪಾಲಿನ ದಾವೆಗಳನ್ನು ನಡೆಸಿದವರಿಗೆ ಎಲ್ಲಿ ಕಾಲು ಜಾರುತ್ತದೆ ಎಂಬುದು ಚೆನ್ನಾಗಿ ಗೊತ್ತು. ದೊಡ್ಡ ಹೆಸರಿಗೆ ಮರುಳಾಗಬೇಡಿ. ಫೋನು ಎತ್ತಿ ಉತ್ತರ ಕೊಡುವವರು ನಮ್ಮಂಥವರಿಗೆ ಹೆಚ್ಚು ಉಪಯೋಗ. ಅವರ ಸನ್ನದಿನ ಸಂಖ್ಯೆ ಕೇಳಲು ಸಂಕೋಚ ಬೇಡ. ಯಾವುದಾದರೂ ರಾಜ್ಯದ ವಕೀಲರ ಪರಿಷತ್ತಿನಲ್ಲಿ ಹೆಸರು ಇದ್ದವರು ಮಾತ್ರ ವಕೀಲರು.

ಮೊದಲೇ ಇಷ್ಟು ಶೋಧ ಏಕೆ ಎನ್ನುತ್ತೀರಾ? ವಕೀಲರ ಸೇವೆಯಲ್ಲಿ ಕೊರತೆಯಾಯಿತು ಎಂದು ಗ್ರಾಹಕರ ವೇದಿಕೆಗೆ ಹೋಗುವಂತಿಲ್ಲ ಎಂದು ಸುಪ್ರೀಂ ಕೋರ್ಟು 2024ರ ಮೇ 14ರಂದು ತೀರ್ಪು ಕೊಟ್ಟಿದೆ. ದುರ್ನಡತೆ ಇದ್ದರೆ ವಕೀಲರ ಪರಿಷತ್ತಿಗೆ ದೂರು ಕೊಡಬಹುದು, ಇಲ್ಲವೇ ಸಿವಿಲ್ ಕೋರ್ಟಿಗೆ ಹೋಗಬೇಕು. ಮಿಕ್ಸರ್ ಕೆಟ್ಟರೆ ಹೋಗುವಷ್ಟು ಸುಲಭದ ದಾರಿ ಇಲ್ಲಿಲ್ಲ.

ಹಣದ ಅಡಚಣೆ ಇರುವವರಿಗೆ ಒಂದು ಮಾತು. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳು, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಮತ್ತು ಸಲಹೆಗೆ ಅರ್ಹರು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕಾಣಬಹುದು. 15100 ಸಂಖ್ಯೆಗೆ ಫೋನು ಮಾಡಬಹುದು. ತವರಿನ ಪಾಲಿನ ವಿಷಯದಲ್ಲಿ ಒಬ್ಬರೇ ಕೊರಗುವುದಕ್ಕಿಂತ ಇದು ಎಷ್ಟೋ ಮೇಲು.

ಮೊದಲ ಭೆಟ್ಟಿಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಗಂಡಂದಿರ ಜೊತೆ ನೀವೂ ಹೋಗಿ, ಕುರ್ಚಿ ಎಳೆದುಕೊಂಡು ಕೂಡಿ.

1. ಮಾರುವವರಾಗಲಿ ದಲಾಲರಾಗಲಿ ನಿಮಗೆ ಪರಿಚಯವೇ? ಅವರ ಕೆಲಸ ಮಾಡಿದ್ದೀರಾ?

2. ಎಷ್ಟು ವರ್ಷದ ಕಾಗದ ನೋಡುತ್ತೀರಿ? (30 ವರ್ಷದ್ದು ನೋಡುವುದು ರೂಢಿ. ಹಳೆಯ ಮನೆಯಾದರೆ ಅದಕ್ಕೂ ಹಿಂದಿನದು.)

3. ಮೂಲ ಪತ್ರಗಳನ್ನೇ ನೋಡುತ್ತೀರಾ? (ಮೂಲ ಪತ್ರ ಮನೆಯಲ್ಲಿಲ್ಲ ಎಂದರೆ ಎಲ್ಲಿಯೋ ಸಾಲಕ್ಕೆ ಇಟ್ಟಿರಬಹುದು. ಝೆರಾಕ್ಸಿನ ಮೇಲೆ ವ್ಯಾಪಾರ ಬೇಡ.)

4. ಮರಾಠಿ, ಮೋಡಿ ಕಾಗದ ಇದ್ದರೆ ಯಾರಿಂದ ಓದಿಸುತ್ತೀರಿ?

5. ವಾರಸುದಾರರು ಯಾರ್ಯಾರು, ಯಾರ ಸಹಿ ಬೇಕು ಎಂದು ಪಟ್ಟಿ ಮಾಡಿ ಕೊಡುತ್ತೀರಾ?

6. ಈ ಆಸ್ತಿಯ ಮೇಲೆ ದಾವೆ ಇದೆಯೇ ಎಂದು ಕೋರ್ಟಿನಲ್ಲಿ ಹುಡುಕುತ್ತೀರಾ? (ದಾವೆ ನಡೆದಿರುವಾಗ ಕೊಂಡರೆ ಅದರ ತೀರ್ಪು ಕೊಂಡವರಿಗೂ ಅಂಟುತ್ತದೆ.)

7. ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತೀರಾ? (ನಮ್ಮ ಊರಿನಲ್ಲಿ ಒಂದು ಕನ್ನಡ, ಒಂದು ಮರಾಠಿ ದಿನಪತ್ರಿಕೆಯಲ್ಲಿ ಕೊಟ್ಟರೆ ಎಲ್ಲರಿಗೂ ಮುಟ್ಟುತ್ತದೆ.)

8. ಮುಖತ್ಯಾರರು ಮಾರುತ್ತಿದ್ದರೆ, ಮುಖತ್ಯಾರ ಪತ್ರ ಕೊಟ್ಟವರು ಬದುಕಿದ್ದಾರೆಯೇ ಎಂದು ಖಾತ್ರಿ ಮಾಡಿಕೊಳ್ಳುತ್ತೀರಾ? (ಸಾಮಾನ್ಯವಾಗಿ ಕೊಟ್ಟವರು ತೀರಿಕೊಂಡರೆ ಆ ಪತ್ರವೂ ತೀರಿತು.)

9. ಅಭಿಪ್ರಾಯ ಬರೆದು, ಸಹಿ ಮಾಡಿ ಕೊಡುತ್ತೀರಾ? ಎಷ್ಟು ದಿನದಲ್ಲಿ?

10. ಫೀ ಎಷ್ಟು? ಅದರಲ್ಲಿ ಏನೇನು ಸೇರಿದೆ?

ಒಂಬತ್ತನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಬಾಯಿಮಾತಿನ ‘ಚಿಂತಿ ಮಾಡಬ್ಯಾಡ್ರಿ’ ಎಂಬುದು ಅಭಿಪ್ರಾಯವಲ್ಲ. ಆಸ್ತಿಯ ವಿವರ, ನಾಲ್ಕೂ ದಿಕ್ಕಿನ ಚಕಬಂದಿ, ನೋಡಿದ ಕಾಗದಗಳ ಪಟ್ಟಿ, ಯಾರಿಂದ ಯಾರಿಗೆ ಬಂತೆಂಬ ಸರಪಳಿ, ಇನ್ನೂ ಬೇಕಾದ ಕಾಗದ, ಕೊನೆಗೆ ‘ಕೊಳ್ಳಬಹುದು’ ಅಥವಾ ‘ಇದು ಸರಿಯಾದ ಮೇಲೆ ಕೊಳ್ಳಬಹುದು’ ಎಂಬ ಮಾತು ಅದರಲ್ಲಿರಬೇಕು. ‘ಕೊಳ್ಳಬೇಡಿ’ ಎಂದು ಹೇಳಿದ ವಕೀಲರಿಗೂ ಫೀಯನ್ನು ಸಂತೋಷದಿಂದ ಕೊಡಿ. ಅವರು ಉಳಿಸಿದ್ದು ನಿಮ್ಮ ಜೀವಮಾನದ ಗಳಿಕೆ.

ಖರ್ಚಿನ ಲೆಕ್ಕ

ಕಾಗದ ನೋಡುವ ಕೆಲಸಕ್ಕೆ ಇಂತಿಷ್ಟೇ ಫೀ ಎಂದಿಲ್ಲ. ಇಬ್ಬರನ್ನು ಕೇಳಿ, ಶೋಧ, ಕರಾರು ಪತ್ರ, ಖರೀದಿ ಪತ್ರ, ನೋಂದಣಿಯ ದಿನ ಬರುವುದು, ಖಾತೆ ಬದಲಾವಣೆ ಇವು ಒಂದೇ ಫೀಯಲ್ಲಿ ಬರುತ್ತವೆಯೋ ಬೇರೆಯೋ ಎಂದು ಮೊದಲೇ ಮಾತಾಡಿಕೊಳ್ಳಿ. ಕೊಟ್ಟ ಹಣಕ್ಕೆ ಪಾವತಿ ತೆಗೆದುಕೊಳ್ಳಿ. ಸರ್ಕಾರಕ್ಕೆ ಹೋಗುವ ಶುಲ್ಕ ಬೇರೆ, ವಕೀಲರ ಫೀ ಬೇರೆ ಎಂಬುದು ನೆನಪಿರಲಿ.

ಸರ್ಕಾರದ ಶುಲ್ಕದ ಲೆಕ್ಕ ನೋಡಿ. ಬೆಳಗಾವಿ ನಗರದಲ್ಲಿ 40 ಲಕ್ಷ ರೂಪಾಯಿಯ ಮನೆ ಎಂದುಕೊಳ್ಳೋಣ. ಮುದ್ರಾಂಕ ಶುಲ್ಕ ನೂರಕ್ಕೆ 5ರಂತೆ 2,00,000 ರೂಪಾಯಿ. ಆ ಶುಲ್ಕದ ಮೇಲೆ ನೂರಕ್ಕೆ 10 ಉಪಕರ, 20,000. ನೂರಕ್ಕೆ 2 ಸರ್ಚಾರ್ಜು, 4,000. ಹಳ್ಳಿಯಾದರೆ ಇದು ನೂರಕ್ಕೆ 3. ನೋಂದಣಿ ಶುಲ್ಕ ಮೊದಲು ನೂರಕ್ಕೆ 1 ಇತ್ತು, 2025ರ ಆಗಸ್ಟ್ 31ರಿಂದ 2 ಆಗಿದೆ, ಅದು 80,000. ಒಟ್ಟು 3,04,000 ರೂಪಾಯಿ! ಸರ್ಕಾರದ ಮಾರ್ಗಸೂಚಿ ದರ ಹೆಚ್ಚಿದ್ದರೆ ಅದರ ಮೇಲೆ ಲೆಕ್ಕ. ಮಹಾರಾಷ್ಟ್ರದಲ್ಲಿ ಹೆಣ್ಣುಮಕ್ಕಳ ಹೆಸರಿಗೆ ಮನೆ ಕೊಂಡರೆ ನೂರಕ್ಕೆ 1 ರಿಯಾಯಿತಿ ಇದೆ. ಕೊಲ್ಹಾಪುರದ ನೆಂಟರ ಮಾತು ಕೇಳಿ ನಮ್ಮಲ್ಲೂ ಇದೆ ಎಂದುಕೊಳ್ಳಬೇಡಿ, ಕರ್ನಾಟಕದಲ್ಲಿ ಅದಿಲ್ಲ. ಇಷ್ಟೆಲ್ಲ ಕೊಡುವವರು ವಕೀಲರ ಫೀಯಲ್ಲಿ ಮಾತ್ರ ಕೈಬಿಗಿ ಹಿಡಿಯುವುದು, ಒಗ್ಗರಣೆಗೆ ತುಪ್ಪ ಸುರಿದು ಉಪ್ಪು ಉಳಿಸಿದಂತೆ.

ಹಣವನ್ನು ಚೆಕ್ಕು ಅಥವಾ ಬ್ಯಾಂಕಿನ ಮೂಲಕವೇ ಕೊಡಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರು ನೂರಕ್ಕೆ 1 ಹಿಡಿದು ಸರ್ಕಾರಕ್ಕೆ ತುಂಬಬೇಕು. ಇದನ್ನೂ ನೆನಪು ಮಾಡಿ ಕೊಡುವವರು ಒಳ್ಳೆಯ ವಕೀಲರು.

ಮಾರುವವರಿಗೂ ವಕೀಲರು ಬೇಕು

‘ನಮ್ಮದೇನು, ಹಣ ತಗೊಂಡು ಸಹಿ ಹಾಕುವುದು’ ಎನ್ನುವಂತಿಲ್ಲ. ಮುಂದೆ ಯಾರಾದರೂ ತಕರಾರು ತೆಗೆದರೆ ನಷ್ಟ ನಾವೇ ಭರಿಸುತ್ತೇವೆ ಎಂದು ಖರೀದಿ ಪತ್ರದಲ್ಲಿ ಮಾರುವವರೇ ಬರೆದುಕೊಡುತ್ತಾರೆ. ಓದದೆ ಸಹಿ ಮಾಡಿದರೆ ಆ ಹೊಣೆ ಮಕ್ಕಳವರೆಗೂ ಬರಬಹುದು. ಪೂರ್ತಿ ಹಣ ಕೈಸೇರುವ ಮೊದಲು ಮೂಲ ಪತ್ರ, ಕೀಲಿಕೈ ಕೊಡಬೇಡಿ. ದಲಾಲರ ಹೆಸರಿಗೆ ಮುಖತ್ಯಾರ ಪತ್ರವಂತೂ ಬೇಡವೇ ಬೇಡ. ಕರಾರು ಪತ್ರದಲ್ಲಿ ಇಂಥ ತಾರೀಖಿನೊಳಗೆ ಖರೀದಿ ಮುಗಿಯಬೇಕು, ಮುಗಿಯದಿದ್ದರೆ ಸಂಚಕಾರದ ಗತಿ ಏನು ಎಂದು ಬಿಡಿಸಿ ಬರೆಸಿ. ಒಬ್ಬಂಟಿಯಾಗಿರುವ ವಯಸ್ಸಾದ ಹೆಣ್ಣುಮಕ್ಕಳು ಮನೆ ಮಾರುವಾಗ ಇದೆಲ್ಲ ಎರಡು ಪಟ್ಟು ಅವಶ್ಯ. ಅಂಥವರು ನಿಮ್ಮ ಓಣಿಯಲ್ಲಿದ್ದರೆ ನೀವೇ ಒಬ್ಬರು ಜೊತೆಗೆ ಹೋಗಿ ಬನ್ನಿ.

ನಮ್ಮ ಪಾಲಿನ ಕೆಲಸ

ವಕೀಲರು ನೋಡುವುದು ಕಾಗದವನ್ನು. ಮನೆಯನ್ನು ನೋಡಬೇಕಾದವರು ನಾವು. ಒಂದು ಸಂಜೆ ಆ ಓಣಿಗೆ ಹೋಗಿ ಅಕ್ಕಪಕ್ಕದ ಮನೆಯ ಹೆಣ್ಣುಮಕ್ಕಳೊಡನೆ ಕೂತು ಮಾತಾಡಿ. ‘ಈ ಮನ್ಯಾಗ ಮೊದಲ ಯಾರ ಇದ್ರು? ಹೆಣ್ಮಕ್ಕಳನ್ನ ಎಲ್ಲೆಲ್ಲಿಗೆ ಕೊಟ್ಟಾರ? ಮ್ಯಾಲ ಬಾಡಿಗೀಗೆ ಇದ್ದವರು ಬಿಟ್ಟ ಹೋಗ್ತಾರಂತೇನು?’ ಎಂದು ಕೇಳಿದರೆ ಯಾವ ಕಚೇರಿಯ ಪುಸ್ತಕದಲ್ಲಿಯೂ ಇಲ್ಲದ ಸಂಗತಿ ಹೊರಬರುತ್ತದೆ. ಗೋಡೆಯ ಬಾಂದು, ನೀರಿನ ನಳ, ಹೋಗಿ ಬರುವ ದಾರಿ ಯಾರದೆಂದು ಕಣ್ಣಾರೆ ನೋಡಿ. ತಿಳಿದದ್ದನ್ನೆಲ್ಲ ವಕೀಲರಿಗೆ ಹೇಳಿ. ಅವರ ಕಾನೂನು, ನಿಮ್ಮ ಕಣ್ಣು ಎರಡೂ ಸೇರಿದರೆ ಮೋಸಕ್ಕೆ ಸಂದು ಸಿಗುವುದು ಕಷ್ಟ.

ಖರೀದಿಯಾದ ಮೇಲೆ ಖಾತೆ ನಿಮ್ಮ ಹೆಸರಿಗೆ ಬಂತೇ, ಸಿಟಿ ಸರ್ವೆಯ ಕಾರ್ಡಿನಲ್ಲಿ, ವಿದ್ಯುತ್ತು ನೀರಿನ ಬಿಲ್ಲಿನಲ್ಲಿ ಹೆಸರು ಬದಲಾಯಿತೇ ಎಂದು ನೋಡುವವರೆಗೂ ವಕೀಲರನ್ನು ಬಿಡಬೇಡಿ. ಮೂಲ ಪತ್ರಗಳ ಪಟ್ಟಿ ಮಾಡಿ ಟ್ರಂಕಿನಲ್ಲಿ ಜೋಪಾನವಾಗಿಡಿ. ಮನೆಯಲ್ಲಿ ಇಬ್ಬರಿಗಾದರೂ ಅದು ಎಲ್ಲಿದೆ ಎಂದು ತಿಳಿದಿರಲಿ. ಮತ್ತು ಸೋದರಿಯರೇ, ಖರೀದಿ ಪತ್ರದಲ್ಲಿ ಯಜಮಾನರ ಹೆಸರಿನ ಪಕ್ಕದಲ್ಲಿ ನಿಮ್ಮ ಹೆಸರೂ ಇರಲಿ ಎಂದು ವಕೀಲರ ಮುಂದೆಯೇ ಹೇಳಿ. ನಿಮ್ಮ ಪಾಟ್ಲಿ ಕರಗಿ ಆದ ಮನೆಯಲ್ಲಿ ನಿಮ್ಮ ಹೆಸರು ಇರುವುದು ನ್ಯಾಯವೇ ಸರಿ.